ಪಟ್ಟಿಯೊಳಗೆ ಕೂರದ ಸಣ್ಣ ಡಬ್ಬಿ

ಇವತ್ತು ಬುಧವಾರ. ಮಧ್ಯಾಹ್ನ ಮೂರೂವರೆಗೆ ರಿಕ್ಷಾದ ಗಣಪಣ್ಣ ಖಾಲಿ ಡಬ್ಬಿಗಳ ಬುಟ್ಟಿಯನ್ನು ಜಗಲಿಯ ಮೇಲೆ ಇಳಿಸಿ ಹೋದ. ನಾನು ಎಂದಿನಂತೆ ಅದರೊಳಗಿಂದ ಧಾರೇಶ್ವರದ ಸಣ್ಣ ಡಬ್ಬಿಯನ್ನು ಹುಡುಕಿ ತೆಗೆದು, ಮುಚ್ಚಳ ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಕನ್ನಡಕ ಹಾಕುವ, ಊರಲ್ಲಿ ಹತ್ತು ಜನ ಸರ್ ಎಂದು ಕರೆಯುವ, ಐವತ್ತರ ಹತ್ತಿರದ ಮನುಷ್ಯ ಮಂದಿ ಉಂಡ ಡಬ್ಬಿ ಮೂಸುವುದು ಚೆಂದವಲ್ಲ, ಒಪ್ಪಿದೆ. ನನ್ನ ಜಾಗದಲ್ಲಿದ್ದರೆ ನೀವೂ ಮೂಸುತ್ತಿದ್ದಿರಿ. ಮೂರು ವರ್ಷದಿಂದ ಈ ಡಬ್ಬಿ ಹುಣಸೆಹಣ್ಣಿನ ವಾಸನೆ ಬಿಟ್ಟು ಬೇರೆ ಯಾವುದನ್ನೂ ಹೊತ್ತು ತಂದದ್ದಿಲ್ಲ. ಇವತ್ತು ಬಂಗಡೆಯ ವಾಸನೆ ಬಂತು.

ಮೀನಿನ ಸಾರು ಹೋದ ಡಬ್ಬಿ ಮೀನಿನ ವಾಸನೆ ಬಾರದೆ ಮಲ್ಲಿಗೆಯ ವಾಸನೆ ಬರುತ್ತದೆಯೇ ಎಂದು ನೀವು ನಗಬಹುದು. ಅಲ್ಲೇ ಇರುವುದು ಗೊಂದಲ. ಬಂಗಡೆ ಹೋದದ್ದು ನಿಜ, ಪ್ರತಿ ಬುಧವಾರ ಹೋಗುವುದೂ ನಿಜ, ಆದರೂ ಡಬ್ಬಿಗೆ ಆ ವಾಸನೆ ಬರಬಾರದಾಗಿತ್ತು. ನಿಮಗೆ ಇದು ಅರ್ಥವಾಗಬೇಕಾದರೆ ಮೊದಲು ಸುಲೋಚನಕ್ಕನ ವಿಷಯ ಹೇಳಬೇಕು, ಆಮೇಲೆ ನಾನು ಬರೆದ ಒಂದೂವರೆ ಪುಟದ ಸೂತ್ರದ ವಿಷಯ ಹೇಳಬೇಕು. ಎರಡನ್ನೂ ಹೇಳಿದ ಮೇಲೂ ನನಗೆ ಅರ್ಥವಾಗುತ್ತದೆ ಎಂಬ ಭರವಸೆಯೇನಿಲ್ಲ.

ಕುಮಟೆಯ ಈ ಓಣಿಯಲ್ಲಿ ಸುಲೋಚನಕ್ಕ ಡಬ್ಬಿ ಊಟದ ಅಡುಗೆಮನೆ ನಡೆಸುತ್ತಿದ್ದಳು. ಅದರ ಮಾಳಿಗೆಯ ಮೇಲೆ ನನ್ನ ಕಂಪ್ಯೂಟರ್ ಕ್ಲಾಸು. ನನ್ನ ತಂದೆಯ ಕಾಲದಲ್ಲಿ ಅದು ಟೈಪಿಂಗ್ ಕ್ಲಾಸು. ಆಗ ಮೇಲಿನ ಟಕಟಕ ಸದ್ದಿಗೂ ಕೆಳಗಿನ ತೆಂಗಿನಕಾಯಿ ತುರಿಯುವ ಸದ್ದಿಗೂ ಒಳ್ಳೆಯ ಜುಗಲಬಂದಿ ಇತ್ತಂತೆ. ನನ್ನ ಕಾಲಕ್ಕೆ ಮೇಲೆ ಸದ್ದು ನಿಂತಿತು, ಕೆಳಗಿನ ಒಗ್ಗರಣೆ ಮಾತ್ರ ಏಣಿ ಹತ್ತಿ ಬಂದು ವಿದ್ಯಾರ್ಥಿಗಳ ಗಮನ ಕೆಡಿಸುತ್ತಿತ್ತು. ನಲವತ್ತೆರಡು ಮನೆಗಳಿಗೆ ಸುಲೋಚನಕ್ಕನ ಡಬ್ಬಿ ಹೋಗುತ್ತಿತ್ತು. ಕುಮಟೆ, ಧಾರೇಶ್ವರ, ಹಳದೀಪುರದವು ಗಣಪಣ್ಣನ ರಿಕ್ಷಾದಲ್ಲಿ. ಹೊನ್ನಾವರದ ಆಫೀಸುಗಳವು, ಭಟ್ಕಳದ ಅಂಗಡಿಯವರವು ಬಸ್ಸಿನಲ್ಲಿ, ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ. ಭಟ್ಕಳ ಮುಟ್ಟುವ ಹೊತ್ತಿಗೂ ಸಾರು ಬಿಸಿಯಾಗಿರುತ್ತದೆ ಎಂದು ಹೊಗಳುವವರಿಗೆ ಆ ಪುಣ್ಯ ಬಸ್ಸಿನ ಇಂಜಿನ್ನಿನದು ಎಂದು ಗೊತ್ತಿರಲಿಲ್ಲ.

ಅಡುಗೆ ಮಾಡುವುದು ಕಷ್ಟವಲ್ಲ, ಯಾರಿಗೆ ಯಾವತ್ತು ಮೀನು, ಯಾರಿಗೆ ಯಾವತ್ತು ಇಲ್ಲ ಎಂದು ನೆನಪಿಡುವುದೇ ಕಷ್ಟ. ನಮ್ಮ ಕರಾವಳಿಯ ಮೀನು ತಿನ್ನುವವರನ್ನು ನೀವು ಬಲ್ಲಿರಿ. ಮೀನಿಲ್ಲದೆ ಅನ್ನ ಇಳಿಯುವುದಿಲ್ಲ ಎನ್ನುತ್ತಾರೆ. ಆದರೆ ಸೋಮವಾರ ಬೇಡ, ಕೆಲವರಿಗೆ ಗುರುವಾರ ಬೇಡ, ಸಂಕಷ್ಟಿಗೆ ಬೇಡ, ಶ್ರಾವಣ ಪೂರ್ತಿ ಬೇಡ, ಚೌತಿಗೆ ಮಣ್ಣಿನ ಗಣಪ ಮನೆಯಿಂದ ಹೋಗುವ ತನಕ ಬೇಡ. ಇದೆಲ್ಲ ಮನೆಯಿಂದ ಮನೆಗೆ ಬೇರೆ. ಸುಲೋಚನಕ್ಕ ಇದನ್ನು ಎಲ್ಲೂ ಬರೆದಿಟ್ಟವಳಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು, ಸೌಟು ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಹೇಳಿಕೊಳ್ಳುತ್ತ ತುಂಬುತ್ತಿದ್ದಳು.

"ಹಳದೀಪುರದ ದೊಡ್ಮನಿಗೆ ಸೋಮಾರ ಮೀನಿಲ್ಲ. ಆದ್ರೆ ಅಳಿಯ ಬಂದಿದ್ರೆ ಅದೆ. ಸಂಕಷ್ಟಿ ಆದ್ರೆ ಅಳಿಯ ಬಂದ್ರೂ ಇಲ್ಲ. ಅಳಿಯ ಸಿಟ್ಟು ಮಾಡ್ಕಂಡಿದ್ರೆ ಮೊಟ್ಟೆ. ಭಟ್ಕಳದ ಅಂಗಡಿ ಮೂರು ಡಬ್ಬಿ ಶುಕ್ರವಾರ ಹೋಪೂದೇ ಬೇಡ, ಅವ್ರು ನಮಾಜು ಮುಗ್ಸಿ ಮನೀಗೆ ಉಣ್ಣೂಕೆ ಹೋಗ್ತ್ರು."

ನಾನು ಮಧ್ಯಾಹ್ನದ ಊಟ ಅಲ್ಲೇ ಮಾಡುವವನು. ಉಂಡ ಮನೆಗೆ ಏನಾದರೂ ಉಪಕಾರ ಮಾಡಬೇಕಲ್ಲ. ಒಂದು ದಿನ ಹೇಳಿದೆ: "ಅಕ್ಕಾ, ಇದನ್ನೆಲ್ಲ ಕಂಪ್ಯೂಟರಿಗೆ ಹಾಕ್ತೆ. ಬೆಳಿಗ್ಗೆ ಒಂದು ಗುಂಡಿ ಒತ್ತಿದ್ರೆ ಯಾರಿಗೆ ಎಂತ ಅಂತ ಕಾಗದ ಬರ್ತದೆ."

"ಅದ್ಕೆ ಅಳಿಯ ಸಿಟ್ಟು ಮಾಡ್ಕಂಡದ್ದು ಗೊತ್ತಾತದ?" ಎಂದು ಕೇಳಿದಳು.

"ನೀವು ಹೇಳಿದ್ರೆ ಗೊತ್ತಾತದೆ."

"ಹಾಗಾದ್ರೆ ಬರ್ಕ" ಎಂದಳು.

ಇಲ್ಲಿ ನನ್ನ ಮರ್ಯಾದೆ ಹೋಗುವ ಸಂಗತಿ ಇದೆ. ನಾನು ಮಾಳಿಗೆಯ ಮೇಲೆ ಮಕ್ಕಳಿಗೆ ಕಲಿಸುವುದೇ ಡೇಟಾಬೇಸ್. ಅದರ ಮೊದಲ ಪಾಠದಲ್ಲಿಯೇ ಹೇಳುತ್ತೇನೆ: ಉದ್ದುದ್ದ ಷರತ್ತಿನ ಸೂತ್ರ ಬರೆಯಬೇಡಿ, ಒಂದು ಪಟ್ಟಿ ಮಾಡಿಟ್ಟುಕೊಂಡು ಅದರಲ್ಲಿ ನೋಡಿ. ಏಳೆಂಟಲ ಎಷ್ಟು ಎಂದರೆ ಎಂಟನ್ನು ಏಳು ಸಲ ಕೂಡುತ್ತ ಕೂರುತ್ತೀರಾ? ಮಗ್ಗಿಯಲ್ಲಿ ಐವತ್ತಾರು ಎಂದು ಇದೆ, ಮುಗಿಯಿತು. ನಾಳೆ ಏಕಾದಶಿಯೋ ದ್ವಾದಶಿಯೋ ಎಂದು ತಿಳಿಯಲು ಚಂದ್ರನ ಹಿಂದೆ ಓಡುತ್ತೀರಾ? ಪಂಚಾಂಗ ತೆಗೆಯುತ್ತೀರಿ. ಹೀಗೆಲ್ಲ ಹೇಳಿ ಮಕ್ಕಳ ಬಾಯಿ ಮುಚ್ಚಿಸಿ ಏಣಿ ಇಳಿದವನು, ಸುಲೋಚನಕ್ಕನ ಎದುರು ಕೂತು ಮಾಡಿದ್ದೇನು? ಅವಳು ಹೇಳಿದ ಹಾಗೆಯೇ ಬರೆಯುತ್ತ ಹೋದೆ. ಮನೆ ಹಳದೀಪುರದ್ದಾದರೆ, ವಾರ ಸೋಮವಾರವಾದರೆ, ಅಳಿಯ ಬಂದಿದ್ದರೆ, ಸಂಕಷ್ಟಿ ಅಲ್ಲವಾದರೆ, ಮೀನು, ಇಲ್ಲವಾದರೆ, ಸಿಟ್ಟು ಇದ್ದರೆ, ಮೊಟ್ಟೆ, ಇಲ್ಲವಾದರೆ... ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನ್ನಂಥವರಿಗಾಗಿಯೇ ಹುಟ್ಟಿದ್ದು.

ಅವಳು ಹೇಳುತ್ತಿದ್ದರೆ ಕೇಳಲು ಚೆಂದವಿತ್ತು, ಅದಕ್ಕೇ ಮೋಸಹೋದೆ. ಸೂತ್ರ ಒಂದೂವರೆ ಪುಟವಾಯಿತು. ಕೊನೆಯಲ್ಲಿ ಮುಚ್ಚುವ ಆವರಣಗಳೇ ಒಂದು ಸಾಲು. ಎಲ್ಲ ಷರತ್ತುಗಳೂ ಮುಗಿದ ಮೇಲೆ, ಯಾವುದಕ್ಕೂ ಸೇರದೆ ಉಳಿದವರಿಗೆ ಏನು ಎಂದು ಒಂದು ಕೊನೆಯ "ಇಲ್ಲವಾದರೆ" ಬರೆಯಬೇಕಾಗುತ್ತದೆ. ಕುಮಟೆಯಲ್ಲಿ ಕೂತು ಬರೆಯುವವನು ಅಲ್ಲಿ ಏನು ಬರೆದಾನು? ಯೋಚಿಸದೆ "ಮೀನು" ಎಂದು ಬರೆದೆ.

ಆ ಸೂತ್ರದಲ್ಲಿ ಧಾರೇಶ್ವರದ ಒಂದು ಷರತ್ತು ಇತ್ತು. ಧಾರೇಶ್ವರದಲ್ಲಿ ನಾರಾಯಣ ಮಾಸ್ತರರದು ಒಂದೇ ಮನೆ ನಮ್ಮ ಗಿರಾಕಿ. ಮಾಸ್ತರರು ನಿವೃತ್ತರಾದ ಮೇಲೆ ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಬಂದವರು. ಅಂದಿನಿಂದ ಮೀನು ಮುಟ್ಟಿದವರಲ್ಲ. ಅವರ ಹೆಂಡತಿ ಯಮುನಕ್ಕ ಬಿದ್ದು ಮಣಿಕಟ್ಟು ಮುರಿದುಕೊಂಡಳು, ಕೂಡಿಕೊಂಡರೂ ಮಸಾಲೆ ಅರೆಯುವ ಬಲ ಬರಲಿಲ್ಲವಾಗಿ ಡಬ್ಬಿ ತರಿಸುತ್ತಿದ್ದರು. ಆ ಮನೆಗೆ ವರ್ಷವಿಡೀ ಸೊಪ್ಪು, ಕಾಯಿಪಲ್ಲೆ, ಮುರುಗಲ ಹಣ್ಣಿನ ಸಾರು. ಆದರೆ ಸುಲೋಚನಕ್ಕ ಬರೆಸಿದ್ದು: "ಬುಧವಾರ ಆದ್ರೆ, ಮಾಸ್ತರು ಸಂತಿಗೆ ಬಂದಿದ್ರೆ, ಬೇರೆ ಒಂದು ಸಣ್ಣ ಡಬ್ಬಿ. ಅದ್ರಲ್ಲಿ ಬಂಗಡೆ."

"ಮಾಲೆ ಹಾಕಿದವರ ಮನೆಗೆ ಬಂಗಡೆಯಾ?" ಎಂದೆ.

"ನೀ ಬರಿ ತಮಾ. ಎಂತಕ್ಕೆ ಅಂತ ನಂಗೆ ಗೊತ್ತದೆ."

ಬರೆದೆ. ಮಾಸ್ತರರು ಬಂದರೋ ಇಲ್ಲವೋ ನೋಡುವ ಕೆಲಸ ನನ್ನದೇ. ಬುಧವಾರ ಹತ್ತರ ಸುಮಾರಿಗೆ ಓಣಿಯ ತುದಿಯಲ್ಲಿ ಕರಿ ಕೊಡೆಯೊಂದು ಸಂತೆಯ ಕಡೆ ಹೋಗುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಕಂಡ ಕೂಡಲೇ ಕಂಪ್ಯೂಟರಿನಲ್ಲಿ "ಬಂದರು" ಎಂದು ಗುರುತು ಹಾಕುತ್ತಿದ್ದೆ, ಕೆಳಗೆ ಸಣ್ಣ ಡಬ್ಬಿ ತುಂಬುತ್ತಿತ್ತು.

ಹೀಗೆ ಒಂದು ವರ್ಷ ನಡೆಯಿತು. ಆ ಮೇಲೆ ಒಂದು ಬೆಳಿಗ್ಗೆ ಸುಲೋಚನಕ್ಕ ಒಲೆಯ ಮುಂದೆಯೇ ಕುಸಿದಳು. ಜೀವ ಉಳಿಯಿತು, ಬಲಗೈ ಮತ್ತು ಮಾತು ಉಳಿಯಲಿಲ್ಲ. ಒಳಕೋಣೆಯ ಮಂಚದ ಮೇಲೆ ಮಲಗಿ ಎಲ್ಲವನ್ನೂ ನೋಡುತ್ತಿದ್ದಳು. ಒಲೆ ಸೊಸೆ ಪ್ರೇಮಾಳ ಪಾಲಿಗೆ ಬಂತು. ಷರತ್ತುಗಳು ನನ್ನ ಪಾಲಿಗೆ ಬಂದವು. ಅದುವರೆಗೆ ಸೂತ್ರ ತಪ್ಪಿದ ಕಡೆ ಸುಲೋಚನಕ್ಕ ಸೌಟಿನಲ್ಲೇ ತಿದ್ದುತ್ತಿದ್ದಳು ಎಂಬುದು ನನಗೆ ಆಗ ತಿಳಿಯಿತು. ಶ್ರಾವಣ ಬಂದರೆ ಹನ್ನೊಂದು ಕಡೆ ತಿದ್ದಬೇಕು, ಮುಗಿದರೆ ಮತ್ತೆ ಹನ್ನೊಂದು ಕಡೆ ಬಿಚ್ಚಬೇಕು. ಒಂದು ಆವರಣ ಆಚೀಚೆಯಾದರೆ ನಲವತ್ತೆರಡು ಮನೆಗೂ ಮೊಟ್ಟೆ.

ಅಷ್ಟರಲ್ಲಿ ಹೊನ್ನಾವರಕ್ಕೆ ಹಾವೇರಿ ಕಡೆಯ ಒಬ್ಬ ಅಧಿಕಾರಿ ವರ್ಗವಾಗಿ ಬಂದರು. ಹುಟ್ಟಿದಂದಿನಿಂದ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡವರು. ಫೋನು ಮಾಡಿ ಡಬ್ಬಿ ಬೇಕೆಂದರು. ಪ್ರೇಮಾ ಹೆಸರು ಬರೆದುಕೊಂಡಳು. ನಾನು ಸೇರಿಸಿದೆ. ಅವರ ಬಗ್ಗೆ ಸೂತ್ರದಲ್ಲಿ ಯಾವ ಷರತ್ತೂ ಇರಲಿಲ್ಲ, ಆದ್ದರಿಂದ ಅವರು ಜಾರುತ್ತ ಜಾರುತ್ತ ಹೋಗಿ ಕೊನೆಯ "ಇಲ್ಲವಾದರೆ"ಗೆ ಬಿದ್ದರು. ಮೊದಲ ದಿನ ಹಸಿದು ಡಬ್ಬಿ ತೆಗೆದರೆ ಒಳಗಿಂದ ಬಂಗಡೆಯೊಂದು ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿತ್ತಂತೆ. ಅವರು ಬೈಯಲಿಲ್ಲ, ಅದೇ ನನಗೆ ಹೆಚ್ಚು ನಾಚಿಕೆಯಾದದ್ದು. "ತಮ್ಮ ಕಡೆ ಇದೇ ಪದ್ಧತಿ ಏನ್ರಿ?" ಎಂದು ಮೆಲ್ಲಗೆ ಕೇಳಿದರು.

ಪ್ರೇಮಾ ಬಿಡಲಿಲ್ಲ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಹೇಳೂಕೆ ಆಗೂದಿಲ್ವ ನಿಮ್ಮ ಮಶಿನಿಗೆ?"

ಅದೊಂದು ಮಾತು ನನ್ನ ಇಪ್ಪತ್ತು ವರ್ಷದ ಪಾಠಕ್ಕಿಂತ ದೊಡ್ಡದು. ಉದ್ದ ಸೂತ್ರದ ಪಾಪ ಇರುವುದೇ ಅಲ್ಲಿ: ಅದಕ್ಕೆ ಗೊತ್ತಿಲ್ಲ ಎನ್ನಲು ಬರುವುದಿಲ್ಲ. ಏನು ಕೇಳಿದರೂ ಧೈರ್ಯವಾಗಿ ಒಂದು ಉತ್ತರ ಕೊಡುತ್ತದೆ, ಮದುವೆ ಮನೆಯ ಜಗಲಿಯಲ್ಲಿ ಕೂತ ಹಿರಿಯರ ಹಾಗೆ. ಪಟ್ಟಿಯಾದರೆ ಹಾಗಲ್ಲ. ಸಾಲು ಇಲ್ಲದಿದ್ದರೆ ಇಲ್ಲ, ಖಾಲಿ ಕಾಣುತ್ತದೆ. ಖಾಲಿ ಕಂಡರೆ ಕೇಳಬಹುದು. ಆ ರಾತ್ರಿಯ ನಿದ್ದೆ ಕಳೆದು ಮರುದಿನವೇ ಕೂತೆ. ಒಂದು ಕಡೆ ಮನೆಗಳು, ಇನ್ನೊಂದು ಕಡೆ ವಾರಗಳು, ನಡುವಿನ ಚೌಕದಲ್ಲಿ ಊಟ. ಸಂಕಷ್ಟಿ, ಶ್ರಾವಣ, ಚೌತಿಗೆ ಬೇರೆ ಒಂದು ಪಟ್ಟಿ. ಆ ದಿನ ಬಂದರೆ ಅದು ಮೊದಲಿನದನ್ನು ಮುಚ್ಚುತ್ತದೆ. ಹೊಸ ಮನೆ ಬಂದರೆ ಒಂದು ಸಾಲು ಸೇರಿಸಿದರಾಯಿತು, ಬೇರೆ ಏನನ್ನೂ ಮುಟ್ಟಬೇಕಾಗಿಲ್ಲ. ಎಲ್ಲ ಮನೆಗಳಿಗೂ ಫೋನು ಮಾಡಿ ಕೇಳಿದೆ. ಹಳದೀಪುರದ ದೊಡ್ಮನೆಯ ಅಳಿಯ ಎರಡು ವರ್ಷದಿಂದ ಬಂದೇ ಇಲ್ಲವೆಂದೂ, ನಾನು ಸುಮ್ಮನೆ ಅವನ ಸಿಟ್ಟನ್ನು ಕಾಯುತ್ತಿದ್ದೆನೆಂದೂ ತಿಳಿಯಿತು. ಹುಮ್ಮಸ್ಸು ಹೆಚ್ಚಾಗಿ ಕೊನೆಯಲ್ಲಿ "ಕಾರಣ" ಎಂದು ಇನ್ನೊಂದು ಕಾಲಮ್ಮನ್ನೂ ಸೇರಿಸಿದೆ. ಪ್ರತಿಯೊಂದಕ್ಕೂ ಕಾರಣ ಬರೆದಿರಬೇಕು, ಇನ್ನು ಮುಂದೆ ಯಾವುದೂ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು, ಎಂದು ನನ್ನ ಪ್ರತಿಜ್ಞೆ.

ಧಾರೇಶ್ವರದ ಸಾಲಿಗೆ ಬಂದಾಗ ಕೈ ನಿಂತಿತು. ಸಣ್ಣ ಡಬ್ಬಿಗೆ ಕಾರಣವಿಲ್ಲ. ಮಾಲೆ ಹಾಕಿದ ಮನೆಗೆ ಮೀನು ಎಂದರೆ ಹಾವೇರಿಯವರಿಗೆ ಆದದ್ದೇ ಮತ್ತೆ. ಅಲ್ಲದೆ ಚೌಕದೊಳಗೆ "ಸಂತೆಗೆ ಬಂದರೆ" ಎಂದು ಬರೆಯುವಂತಿಲ್ಲ. ಷರತ್ತು ಬೇಡವೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು. ಕಾಗದ ಹಿಡಿದು ಸುಲೋಚನಕ್ಕನ ಮಂಚದ ಬಳಿ ಹೋದೆ. "ಅಕ್ಕಾ, ಇದು ತಪ್ಪು ಕಾಣ್ತದೆ. ತೆಗೀಲ?" ಎಂದು ಕೇಳಿ ಆ ಸಾಲು ತೋರಿಸಿದೆ. ಅವಳು ಎಡಗೈ ಎತ್ತಿ ಅದೇ ಸಾಲಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿದಳು. ನಾನು, ಹೌದು, ಅವಳಿಗೂ ತಪ್ಪೆಂದೇ ಕಂಡಿತು, ಎಂದುಕೊಂಡೆ. ತೆಗೆದುಬಿಟ್ಟೆ.

ಮೂರನೆಯ ಬುಧವಾರ ಕರಿ ಕೊಡೆ ಓಣಿಯ ತುದಿ ದಾಟಿ ಹೋಗಲಿಲ್ಲ. ಒಳಗೆ ತಿರುಗಿ, ಏಣಿ ಹತ್ತಿ, ನನ್ನ ಕ್ಲಾಸಿನ ಬಾಗಿಲಲ್ಲಿ ಮಡಚಿಕೊಂಡು ನಿಂತಿತು. ಮಾಸ್ತರರು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡರು.

"ಸಣ್ಣ ಡಬ್ಬಿ ನಿಂತದೆ, ಅಲ್ವ? ಗಣಪಣ್ಣ ಹೇಳ್ದ" ಎಂದರು.

ನಾನು ತಪ್ಪು ತಿದ್ದಿದವನ ಹೆಮ್ಮೆಯಲ್ಲೇ ಹೇಳಿದೆ: "ಹೌದು ಮಾಸ್ತರೇ. ನಿಮ್ಮ ಮನೆಗೆ ಬಂಗಡೆ ಹೋಗ್ತಿತ್ತು. ನಮ್ಮದೇ ತಪ್ಪು, ಕ್ಷಮಿಸಬೇಕು."

"ತಪ್ಪಲ್ಲ, ತಮಾ. ನಾನೇ ಸುಲೋಚನಂಗೆ ಹೇಳಿದ್ದು." ಅವರು ಕೊಡೆಯ ಹಿಡಿಕೆಯನ್ನು ತಿರುಗಿಸುತ್ತ ಕೂತರು. "ಮಾಲೆ ಹಾಕ್ಕಂಡವ ನಾನು. ಅವಳಲ್ಲ. ಕಾಗಾಲದಲ್ಲಿ ಹೊಳೆ ಬದಿಗೆ ಹುಟ್ಟಿದವಳು, ಬಂಗಡೆ ಅಂದ್ರೆ ಜೀವ ಅವಳಿಗೆ. ನಾನು ಮಾಲೆ ಹಾಕ್ಕಂಡು ಬಂದ ದಿವಸವೇ ಮೀನಿನ ಪಾತ್ರೆ ಎಲ್ಲ ಹೊರಗೆ ಹಾಕಿದ್ಲು. ಬೇಡ ಅಂದೆ, ಕೇಳ್ಲಿಲ್ಲ. ನನ್ನ ಭಕ್ತಿಗೆ ಅವಳ ನಾಲಿಗೆ ಎಂತಕ್ಕೆ ಒಣಗ್ಬೇಕು ಹೇಳು? ಅದ್ಕೆ ನಾ ಬುಧವಾರ ಸಂತಿಗೆ ಬತ್ತೆ. ಸುಲೋಚನ ತಾನಾಗಿ ಪ್ರೀತಿಯಿಂದ ಕಳಿಸ್ತಳೆ ಅಂತ ಯಮುನಾ ತಿಳ್ಕಂಡಿದ್ದಾಳೆ. ನಂಗೆ ಗೊತ್ತಿಲ್ಲ ಅಂತ ತಿಳ್ಕಂಡಿದ್ದಾಳೆ. ಹಾಗೇ ಇರ್ಲಿ."

ನನ್ನ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎರಡು ಬುಧವಾರ ಆ ಹೆಂಗಸು ಹಿತ್ತಲ ಬಾಗಿಲಲ್ಲಿ ಕಾದಿರಬೇಕು, ಸುಲೋಚನಕ್ಕ ಮಲಗಿದ ಮೇಲೆ ತನ್ನನ್ನು ನೆನೆಯುವವರು ಯಾರೂ ಇಲ್ಲ ಎಂದುಕೊಂಡಿರಬೇಕು. ಒಂದು ಚೊಕ್ಕ ಪಟ್ಟಿ ಮಾಡುವ ಆಸೆಯಿಂದ ನಾನು ಅವಳ ಬಾಯಿಯ ತುತ್ತು ಕಿತ್ತೆ. ಆ ಕೂಡಲೇ ಪಟ್ಟಿಯಲ್ಲಿ ಬುಧವಾರದ ಚೌಕಕ್ಕೆ "ಸಣ್ಣ ಡಬ್ಬಿ" ಎಂದು ಸೇರಿಸಿದೆ. ಕಾರಣದ ಕಾಲಮ್ಮಿನಲ್ಲಿ ಏನು ಬರೆಯಲಿ? ಆ ಪಟ್ಟಿಯನ್ನು ಪ್ರೇಮಾ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ಗಣಪಣ್ಣ ಓದುತ್ತಾನೆ, ಬಂದುಹೋದವರು ಓದುತ್ತಾರೆ. ಮಾತು ಧಾರೇಶ್ವರ ಮುಟ್ಟಲು ಎಷ್ಟು ಹೊತ್ತು! ಖಾಲಿ ಬಿಟ್ಟೆ. ಪ್ರೇಮಾ ಕೇಳಿದಳು, "ಇದಕ್ಕೆ ಕಾರಣ ಬರೀಲಿಲ್ಲ?" ನಾನು "ನೆನಪಾದಾಗ ಬರೀತೆ" ಎಂದೆ. ಪ್ರತಿಜ್ಞೆ ಒಂದು ತಿಂಗಳೂ ಬಾಳಲಿಲ್ಲ.

ಕೆಲವು ತಿಂಗಳು ಕಳೆದವು. ಕರಿ ಕೊಡೆ ಕಾಣಿಸುವುದು ನಿಂತಿತು. ಮಾಸ್ತರರಿಗೆ ಮಂಡಿನೋವು, ಬಸ್ಸು ಹತ್ತಲಾಗುವುದಿಲ್ಲ ಎಂದು ಗಣಪಣ್ಣ ಸುದ್ದಿ ತಂದ. ಮಾಸ್ತರರು ಮನೆಯಲ್ಲೇ ಇದ್ದರೆ ಸಣ್ಣ ಡಬ್ಬಿ ಹೋಗಬೇಕೋ ಬೇಡವೋ? ಹಳೆಯ ಸೂತ್ರವಾದರೆ ಬೇಡ ಎನ್ನುತ್ತಿತ್ತು. ಹೊಸ ಪಟ್ಟಿ ಬುಧವಾರ ಎಂದರೆ ಕಳಿಸು ಎನ್ನುತ್ತದೆ, ಅದಕ್ಕೆ ಮಂಡಿಯ ವಿಷಯ ಗೊತ್ತಿಲ್ಲ. ಯಾವುದನ್ನು ನಂಬಲಿ? ಆ ಬುಧವಾರ ಕ್ಲಾಸಿಗೆ ರಜೆ ಕೊಟ್ಟು ನಾನೇ ರಿಕ್ಷಾ ಹತ್ತಿದೆ.

ಮಾಸ್ತರರ ಮನೆ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಜಗಲಿಯಲ್ಲಿ ಕೂತಿದ್ದರು.  ರಿಕ್ಷಾ ಕಂಡದ್ದೇ ಕೋಲೂರಿ ಎದ್ದು, ಒಳಗೆ ಕೇಳುವ ಹಾಗೆ, "ನಾ ದೇವಸ್ಥಾನದ ಬದಿಗೆ ಹೋಗಿ ಬತ್ತೆ" ಎಂದು ಕೂಗಿ ಹೇಳಿದರು. ನನ್ನ ಗುರುತೇ ಇಲ್ಲದವರಂತೆ ಪಕ್ಕದಿಂದ ಹಾದು, ಒಂದೊಂದೇ ಹೆಜ್ಜೆ ಇಡುತ್ತ ರಸ್ತೆಯ ಮೋರಿಯ ತನಕ ಹೋಗಿ, ಅದರ ಕಟ್ಟೆಯ ಮೇಲೆ ಮನೆಗೆ ಬೆನ್ನು ಹಾಕಿ ಕೂತರು. ದೇವಸ್ಥಾನ ಇನ್ನೂ ದೂರವಿತ್ತು, ಆ ಕಾಲಿಗೆ ಅದು ಆಗುವ ಮಾತಲ್ಲ.

ನಾನು ಡಬ್ಬಿ ಹಿಡಿದು ಹಿತ್ತಲಿಗೆ ಹೋದೆ. ಪಕ್ಕದ ಮನೆಯ ಪಾಗಾರದ ಮೇಲೆ ಒಂದು ಬೆಕ್ಕು ಕೂತಿತ್ತು. ಅಷ್ಟು ದುಂಡಗಿನ ಬೆಕ್ಕನ್ನು ನಾನು ಎಲ್ಲೂ ಕಂಡಿರಲಿಲ್ಲ. ಅದು ನನ್ನನ್ನು ನೋಡಲಿಲ್ಲ, ಸಣ್ಣ ಡಬ್ಬಿಯನ್ನು ನೋಡಿತು. ಯಮುನಕ್ಕ ಬಂದು ಡಬ್ಬಿ ತೆಗೆದುಕೊಂಡು, ನನ್ನ ಪರಿಚಯ ಕೇಳಿ, ಸುಲೋಚನಕ್ಕನ ಆರೋಗ್ಯ ಕೇಳಿ, ಮಾತಾಡುತ್ತಲೇ ಬಾವಿಕಟ್ಟೆಯ ಹತ್ತಿರದ ಬಾಳೆ ಬುಡದಲ್ಲಿ ಒಂದು ಎಲೆಯ ತುಂಡು ಹಾಸಿ, ಮುಚ್ಚಳ ತೆಗೆದು, ಇಡೀ ಬಂಗಡೆಯನ್ನು ಸಾರಿನ ಸಮೇತ ಅದರ ಮೇಲೆ ಸುರಿದುಬಿಟ್ಟಳು. ಬೆಕ್ಕು ಪಾಗಾರದಿಂದ ಇಳಿದು ಬಂತು, ಅವಸರವಿಲ್ಲದೆ.

ನನ್ನ ಬಾಯಿ ತೆರೆದೇ ಇತ್ತೆಂದು ಕಾಣುತ್ತದೆ.

"ಎಂತ, ಗಾಬರಿ ಆತ?" ಎಂದು ನಕ್ಕಳು. "ನಾ ಮೀನು ಬಿಟ್ಟು ಆರು ವರ್ಷ ಆತು. ಮನಸ್ನಲ್ಲೇ ಬಿಟ್ಟೆ, ಮಾಲೆ ಹಾಕ್ಕಳ್ಲಿಲ್ಲ. ಸುಲೋಚನಕ್ಕಂಗೆ ಗೊತ್ತಿತ್ತು."

"ಹಾಗಾದರೆ ಡಬ್ಬಿ ಬೇಡ ಅಂತ..."

"ಬೇಡ ಅನ್ನೂಕೆ ಬರ್ತದ? ಮೂವತ್ತು ವರ್ಷ ಸಂತಿ ಮುಖ ನೋಡ್ದವ್ರಲ್ಲ ಇವ್ರು. ಮಾಲೆ ಹಾಕ್ಕಂಡ ಮೇಲೆ ಪ್ರತಿ ಬುಧವಾರ ಸಂತಿ. ತರೂದು ಎರಡು ನಿಂಬೆಹಣ್ಣು! ನಂಗೆ ಅಷ್ಟೂ ತಿಳಿಯೂದಿಲ್ವ?" ಬೆಕ್ಕಿನ ಕಡೆ ನೋಡುತ್ತ ಅವಳ ದನಿ ಸಣ್ಣದಾಯಿತು. "ನಾನೂ ಬಿಟ್ಟೆ ಅಂತ ಗೊತ್ತಾದ್ರೆ, ತನ್ನಿಂದ ಆತು ಅಂತ ಕೊರಗ್ತ್ರು. ಮಾಲೆ ತೆಗೆದಿಟ್ರೂ ಇಟ್ರೇ. ನೀವು ಎಂತದೂ ಹೇಳ್ಬೇಡಿ."

ಆಮೇಲೆ ಅವಳು ಹುಣಸೆಹಣ್ಣು ತಂದು ಆ ಡಬ್ಬಿಯನ್ನು ಉಜ್ಜಿದಳು. ಒಮ್ಮೆ, ಎರಡು ಸಲ, ಮೂರು ಸಲ. ಮಾಲೆ ಹಾಕಿದವರ ಮೂಗಿಗೆ ಮೀನಿನ ಗಾಳಿ ಸೋಕಬಾರದೆಂದು, ಸರಿಯಾಗಿ ತಿರುಗದ ಆ ಮಣಿಕಟ್ಟಿನಲ್ಲಿ.

ವಾಪಸು ಬರುವಾಗ ಮೋರಿಯ ಕಟ್ಟೆಯ ಹತ್ತಿರ ಮಾಸ್ತರರು ಕೋಲು ಅಡ್ಡ ಹಿಡಿದು ರಿಕ್ಷಾ ನಿಲ್ಲಿಸಿದರು. ತಲೆ ಒಳಗೆ ಹಾಕಿ ಮೆಲ್ಲಗೆ ಕೇಳಿದರು: "ತಿಂದ್ಲ?"

ನೋಡಿ, ಇಂಥ ಪ್ರಶ್ನೆಗೆ ಸೂತ್ರವೂ ಇಲ್ಲ, ಪಟ್ಟಿಯೂ ಇಲ್ಲ. "ಡಬ್ಬಿ ಖಾಲಿ ಆತು, ಮಾಸ್ತರೇ" ಎಂದೆ. ಅವರ ಮುಖ ಅರಳಿತು. ಮಂಡಿ ಒತ್ತಿಕೊಂಡು ಎದ್ದು ಮನೆಯ ಕಡೆ ತಿರುಗಿದರು.

ಆ ಸಂಜೆ ಸುಲೋಚನಕ್ಕನ ಮಂಚದ ಬದಿಗೆ ಕೂತು ಎಲ್ಲವನ್ನೂ ಹೇಳಿದೆ: ಮೋರಿ, ಬೆಕ್ಕು, ಹುಣಸೆಹಣ್ಣು. ಅವಳ ಎಡಗಡೆಯ ತುಟಿ ನಕ್ಕಿತು. ಗಂಡ ಬಂದು ಒಂದು ಗುಟ್ಟು ಇಟ್ಟು ಹೋದ, ಹೆಂಡತಿ ಬಂದು ಇನ್ನೊಂದು ಗುಟ್ಟು ಇಟ್ಟು ಹೋದಳು. ಎರಡನ್ನೂ ಒಂದಕ್ಕೊಂದು ತಾಗಿಸದೆ ವರ್ಷಗಟ್ಟಲೆ ಇಟ್ಟುಕೊಂಡವಳು ಸುಲೋಚನಕ್ಕ. ನನಗೆ ಬರೆಸಿದ್ದು ಮಾತ್ರ ಒಂದು ಸಾಲು. ಮತ್ತೆ ಪಟ್ಟಿ ಹಿಡಿದೆ. ಅದೇ ಚೌಕದ ಮೇಲೆ ಎರಡು ಸಲ ಕುಟ್ಟಿದಳು. ಈ ಸಲ ತಪ್ಪು ತಿಳಿಯಲಿಲ್ಲ. ಕಳೆದ ಮಳೆಗಾಲಕ್ಕೆ ಮೊದಲು ಅವಳು ಹೋದಳು. ಬುಧವಾರ ಬಂದರೆ ನನಗೆ ಅವಳ ನೆನಪಾಗುತ್ತದೆ, ಮುಚ್ಚಿಡುವುದೇಕೆ.

ಅಂದಿನಿಂದ ಸಣ್ಣ ಡಬ್ಬಿಯ ಬಂಗಡೆಯನ್ನು ಮೀನುಪೇಟೆಯಲ್ಲಿ ನಾನೇ ಆರಿಸಿ ತರುತ್ತೇನೆ. ಬೆಕ್ಕಿಗೆ ಹೋಗುವ ಮೀನಿಗೆ ಇಷ್ಟು ಚೌಕಾಸಿ ಯಾಕೆ ಎಂದು ನನ್ನನ್ನೇ ಕೇಳಿಕೊಂಡದ್ದುಂಟು. ಮೀನು ಬೆಕ್ಕಿಗೆ ಹೋಗುತ್ತದೆ, ನಿಜ. ಆದರೆ ಕಳಿಸುತ್ತಿರುವುದು ಬೆಕ್ಕಿಗಲ್ಲ.

ಈಗ ಹೇಳಿ, ಇವತ್ತು ಡಬ್ಬಿ ವಾಸನೆ ಬಂದರೆ ತಲೆ ಕೆಡುವುದು ನ್ಯಾಯವಲ್ಲವೇ? ಮುಚ್ಚಳ ಹಿಡಿದುಕೊಂಡೇ ಧಾರೇಶ್ವರಕ್ಕೆ ಫೋನು ಮಾಡಿದೆ. ಮಾಸ್ತರರೇ ಎತ್ತಿಕೊಂಡರು.

"ಯಮುನಂಗೆ ನಾಲ್ಕು ದಿನದಿಂದ ಜ್ವರ, ತಮಾ. ಬಾಯಿಗೆ ಎಂತದೂ ಸೇರೂದಿಲ್ಲ. ಗಂಜಿ ಬೇಡ, ಹಾಲು ಬೇಡ. ಡಾಕ್ಟ್ರು ಏನಾದ್ರೂ ತಿನ್ಲೇಬೇಕು ಅಂದ್ರು." ಅವರು ಉಸಿರು ತೆಗೆದುಕೊಂಡರು. "ಇವತ್ತು ಬುಧವಾರ ಅಂತ ನೆಂಪಾತು. ಗಣಪಣ್ಣನ ಹತ್ರ ಸಣ್ಣ ಡಬ್ಬಿ ನಾನೇ ಇಸ್ಕಂಡೆ. ಇನ್ನು ಎಂತ ಮುಚ್ಚಿಡೂದು? ಮಾಲೆ ತೆಗೆದು ದೇವ್ರ ಮುಂದೆ ಇಟ್ಟೆ. ಮುಳ್ಳು ಬಿಡ್ಸಿ, ಅನ್ನದ ಜೊತಿಗೆ ಕಲ್ಸಿ, ನನ್ನ ಕೈಯ್ಯಾರೆ ಕೊಟ್ಟೆ."

ನಾನು ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಅಮ್ಮ ಎಂತ ಮಾಡಿದ್ರು?"

"ನನ್ನ ಮುಖವನ್ನೇ ನೋಡ್ತಿದ್ಲು. ಕಣ್ಣಲ್ಲಿ ನೀರು. ಬೇಡ ಅಂತಾಳೆ ಅಂತ ಮಾಡಿದ್ದೆ. ಬಾಯಿ ತೆರೆದ್ಲು. ತಿಂದ್ಲು, ತಮಾ! ಪೂರಾ ತಿಂದ್ಲು. ಎಷ್ಟು ಆಸೆ ಇತ್ತೋ ಪಾಪ!" ಅವರ ದನಿ ಗೆಲುವಾಗಿತ್ತು. "ಆಮೇಲೆ ನಾ ಮಿಂದು ಬಂದು ಮಾಲೆ ಹಾಕ್ಕಂಡೆ. ಡಬ್ಬಿ ಮಾತ್ರ ಸಮ ತೊಳ್ಯೂಕೆ ನಂಗೆ ಬರ್ಲಿಲ್ಲ, ವಾಸನೆ ಹೋಗ್ಲಿಲ್ಲ. ಬೇಜಾರು ಮಾಡ್ಬೇಡ."

"ಇಲ್ಲ ಮಾಸ್ತರೇ" ಎಂದೆ.

"ಮತ್ತೆ ಇನ್ನೊಂದು. ಪಕ್ಕದ ಮನೆ ಬೆಕ್ಕು ಮಧ್ಯಾಹ್ನದಿಂದ ನಮ್ಮ ಹಿತ್ತಲಲ್ಲಿ ಕೂತು ಒಂದೇ ಸಮ ಕೂಗ್ತಾ ಅದೆ. ಓಡ್ಸಿದ್ರೂ ಹೋಗೂದಿಲ್ಲ. ಎಂತಕ್ಕೆ ಅಂತ ನಿಂಗೇನಾದ್ರೂ ಗೊತ್ತದ್ಯ?"

ಕೆಳಗೆ ಗೋಡೆಯ ಮೇಲೆ ಪಟ್ಟಿ ಕಾಣುತ್ತಿತ್ತು. ಧಾರೇಶ್ವರದ ಸಾಲಿನ ಕೊನೆಯ ಚೌಕ ಖಾಲಿಯೇ ಇತ್ತು.

"ನಂಗೂ ಗೊತ್ತಿಲ್ಲ, ಮಾಸ್ತರೇ" ಎಂದೆ.